ಬಿಸಿಲಿಗೆ ಬಿಟ್ಟ ಗುಂಡಿಗಳು

"ಸಂಜೆಯೊಳಗೆ ಮುಚ್ಚಿಬಿಡಿ ಸಾರ್. ಸಸಿ ಇಲ್ಲದಿದ್ರೆ ಬರೀ ಮಣ್ಣಾದ್ರೂ ತುಂಬಿ. ಬಾಯಿ ತೆರೆದು ಮಾತ್ರ ಬಿಡಬೇಡಿ."

ಗುಂಡಿ ತೋಡುವ ಮುದುಕ ಹಾರೆಯನ್ನು ನೆಲಕ್ಕೆ ಊರಿ ನಿಂತಿದ್ದ. ಐದನೆಯ ಗುಂಡಿ ಆಗಷ್ಟೇ ಮುಗಿದಿತ್ತು. ನಕ್ಷೆಗಾರ ತಲೆಯೆತ್ತಲಿಲ್ಲ. ರಸ್ತೆ, ಸೇತುವೆಗಳ ನಕ್ಷೆ ಬರೆಯುವುದು ಅವನ ಕೆಲಸ. ಹೊಸದಾಗಿ ಕೊಂಡ ಮನೆಯ ಹಿತ್ತಲಿಗೂ ಚೌಕುಳಿ ಹಾಳೆಯ ಮೇಲೆ ಒಂದು ನಕ್ಷೆ ಬರೆದಿದ್ದ. ಹಿಂಗೋಡೆಯ ಬಳಿ ಹಲಸು ಮತ್ತು ಮಾವು, ಅವುಗಳ ಮುಂದೆ ಸೀಬೆ, ನಿಂಬೆ, ದಾಳಿಂಬೆ, ಬುಡದ ನೆರಳಿಗೆ ಅರಿಸಿನ, ನೆಲದ ತುಂಬ ಗೆಣಸಿನ ಬಳ್ಳಿ. ಕಾಡಿನ ಹಾಗೆ ಒಂದರ ಮಡಿಲಲ್ಲಿ ಇನ್ನೊಂದು ಬೆಳೆಯಬೇಕು, ಆರು ವರ್ಷದ ಮಗಳು ಪುಟ್ಟಿ ಕೈಚಾಚಿ ಹಣ್ಣು ಕಿತ್ತು ತಿನ್ನಬೇಕು ಎಂಬುದು ಅವನ ಆಸೆ. ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಮನುಷ್ಯ ಅವನು.

"ತೋಡಿದ ಗುಂಡಿ ಹದಿನೈದು ದಿನ ಬಿಸಿಲು ಕಾಯ್ಬೇಕು ತಾತ. ಗೆದ್ದಲು, ಹುಳದ ಮೊಟ್ಟೆ ಎಲ್ಲ ಸಾಯುತ್ತೆ. ನಿಮಗೆ ಗೊತ್ತಿಲ್ದೇ ಇರೋದಾ?"

"ಬೇರೆ ನೆಲಕ್ಕೆ ಹೌದು. ಈ ನೆಲಕ್ಕಲ್ಲ." ಮುದುಕ ದನಿ ತಗ್ಗಿಸಿದ. ಬಹಳ ಹಿಂದೆ ಇಲ್ಲಿ ಬಾವಿ ತೋಡುತ್ತಿದ್ದ ಅಣ್ಣನ ಮೇಲೆ ತಮ್ಮ ಮಣ್ಣು ತಳ್ಳಿ, ಅವನನ್ನು ಜೀವಂತ ಹೂತಿದ್ದನಂತೆ. ಅಣ್ಣನ ಹೆಂಡತಿ ತನ್ನ ಕೂದಲು, ಉಗುರು, ನೆತ್ತರು ಮಡಕೆಗೆ ತುಂಬಿ ಇದೇ ಹಿತ್ತಲಲ್ಲಿ ಮಾಟ ಮಾಡಿಸಿದ್ದಳಂತೆ. "ಅವತ್ತಿಂದ ಇಲ್ಲಿ ಖಾಲಿ ಗುಂಡಿ ತಾನೇ ತುಂಬ್ಕೊಳ್ಳುತ್ತೆ ಸಾರ್. ಹಿಡಿದದ್ದನ್ನ ಬಿಡಲ್ಲ. ಬಿಡಿಸ್ಬೇಕಂದ್ರೆ ಬದಲಿಗೆ ಬಿಸಿನೆತ್ತರಿನ ಮಾಂಸ ಕೊಡ್ಬೇಕು. ಇವತ್ತೇ ಮುಚ್ತೀನಿ ಅಂತ ನೀವು ಮಾತು ಕೊಟ್ಟಿದ್ದಕ್ಕೇ ನಾನು ತೋಡಿದ್ದು."

"ನಿಮ್ಮ ಮಣ್ಣಿಗೆ ಅಷ್ಟೊಂದು ಹಸಿವಾದ್ರೆ ಜಂತುಹುಳದ ಮಾತ್ರೆ ಕೊಡೋಣ ಬಿಡಿ."

ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ಮುದುಕನ ಮುಖ ಕಂಡು ನಗು ನುಂಗಿಕೊಂಡಳು. ಮುದುಕ ಹೋದ ಮೇಲೆ ನಕ್ಷೆಗಾರ ಐದು ಗುಂಡಿಗಳನ್ನೂ ಹಾಗೇ ಬಿಟ್ಟು ಒಳಗೆ ಹೋಗಿ ಕೈಕಾಲು ತೊಳೆದ.

ಬೆಳಗ್ಗೆ ಎದ್ದಾಗ ಸೀಬೆಯ ಗುಂಡಿ ತುಂಬಿತ್ತು. ಮಣ್ಣು ನೆಲಮಟ್ಟಕ್ಕೆ ಬಂದು, ಒತ್ತಿ ಕೂರಿಸಿದಂತೆ ಗಟ್ಟಿಯಾಗಿತ್ತು. ನಡುವೆ ಪಕ್ಕದ ಮನೆಯ ನಾಯಿಯ ಬಾಲ ನೆಟ್ಟಗೆ ನಿಂತಿತ್ತು. ಸುತ್ತ ಒಸರುತ್ತಿದ್ದ ರಕ್ತಕ್ಕೆ ನೊಣ ಮುತ್ತಿದ್ದವು. ತುಕ್ಕು ಹಿಡಿದ ಕಬ್ಬಿಣದಂಥ ವಾಸನೆ ಮೂಗಿಗೆ ಅಡರುತ್ತಿತ್ತು.

"ರೀ, ಉಳಿದಿದ್ದನ್ನ ಈಗಲೇ ಮುಚ್ಚಿ. ನಿಮ್ಮ ದಮ್ಮಯ್ಯ."

"ಯಾರೋ ಕಿಡಿಗೇಡಿಗಳ ಕೆಲಸ ಕಣೇ. ಅದಕ್ಕೆಲ್ಲ ಹೆದರಿ ನಾನು ಮುಚ್ಚಿದ್ರೆ ಊರವರು ನಗ್ತಾರೆ."

ಹಾಗೆಂದನೇ ಹೊರತು ಅವನೂ ಹೆದರಿದ್ದ. ಹೆದರಿಕೆಗಿಂತ ಮರ್ಯಾದೆಯೇ ದೊಡ್ಡದಾಯಿತು ಅವನಿಗೆ. ಇಂಥವರನ್ನು ಕಂಡರೆ ಮೈ ಉರಿಯುತ್ತದೆ.

ಮಧ್ಯಾಹ್ನ ಮುದುಕ ಬಂದ. ಬಾಯಿ ತೆರೆದ ನಾಲ್ಕು ಗುಂಡಿಗಳನ್ನು ನೋಡಿ, "ಅಯ್ಯೋ ಪಾಪಿ!" ಎಂದು ಕೂಗಿ, ಗೋಡೆಗೆ ಒರಗಿಸಿದ್ದ ಸಲಿಕೆ ಎತ್ತಿಕೊಂಡು ಮಣ್ಣು ಎಳೆಯತೊಡಗಿದ. ನಕ್ಷೆಗಾರ ಓಡಿಹೋಗಿ ಸಲಿಕೆಗೆ ಕೈ ಹಾಕಿದ. ಒಬ್ಬ ಎಳೆದ, ಇನ್ನೊಬ್ಬ ಜಗ್ಗಿದ. ಮುದುಕನ ಕಾಲು ಮಾವಿನ ಗುಂಡಿಯ ಅಂಚಿನಿಂದ ಜಾರಿತು.

ಎರಡೇ ಅಡಿ ಆಳದ ಗುಂಡಿ ಅದು. ಮುದುಕ ಮೊಣಕಾಲವರೆಗೆ ಇಳಿದ. ಆಮೇಲೆ ಸೊಂಟದವರೆಗೆ. ಒಳಗೆ ಮೂಳೆ ಮುರಿಯುವ ಸದ್ದು, ಹಸಿ ಕಬ್ಬು ಮುರಿದ ಹಾಗೆ, ಒಂದಾದ ಮೇಲೊಂದು. ನಕ್ಷೆಗಾರ ಅವನ ತೋಳು ಹಿಡಿದು ಎಳೆದ. ಚರ್ಮ ಕಳಚಿ ಕೈಗೆ ಬಂತು. ಮುದುಕನ ಬಾಯಿಂದ ಮಾತಿನ ಬದಲು ರಕ್ತ ಉಕ್ಕಿತು. ಎದೆ ಹೋಯಿತು. ಗಲ್ಲ ಹೋಯಿತು. ನೆತ್ತಿಯ ಮೇಲೆ ಮಣ್ಣು ಕೂಡಿಕೊಂಡು, ಒಮ್ಮೆ ನೊರೆಯುಕ್ಕಿ, ಸುಮ್ಮನಾಯಿತು.

ನಕ್ಷೆಗಾರ ಆಗ ಕಿರುಚಿದ. ಕಿರುಚುತ್ತಲೇ ಸಲಿಕೆ ಹಿಡಿದ. ಹಲಸಿನ ಗುಂಡಿಗೆ ಮಣ್ಣು ತುಂಬಿದ. ನಿಂಬೆಯದಕ್ಕೆ ತುಂಬಿದ. ದಾಳಿಂಬೆಯದಕ್ಕೂ ತುಂಬಿದ. ಅಂಗೈ ಒಡೆದು ರಕ್ತ ಬಂತು. ಐದೂ ಮುಚ್ಚಿದವು. ಸಲಿಕೆ ಬಿಸಾಡಿ ಬಿಕ್ಕಿ ಬಿಕ್ಕಿ ಅತ್ತ. ಮುಗಿಯಿತು ಎಂದುಕೊಂಡ.

"ಅಪ್ಪಾ! ಕೈ ಬರ್ತಿಲ್ಲ!"

ನಲ್ಲಿಯ ಪಕ್ಕದಲ್ಲಿ ಪುಟ್ಟಿ ಮಂಡಿಯೂರಿ ಕೂತಿದ್ದಳು. ಮುದುಕ ತೋಡಿದ್ದನ್ನು ನೋಡಿ ಅವಳೂ ಸೌಟಿನಿಂದ ಗುಂಡಿ ತೋಡಿದ್ದಳು, ಬಟ್ಟಲಿನಷ್ಟು ಚಿಕ್ಕದು, ಹಲಸಿನ ಬೀಜ ಊರಲಿಕ್ಕೆ. ಅವಳ ಎಡಗೈ ಮುಂಗೈವರೆಗೆ ಮಣ್ಣಿನೊಳಗಿತ್ತು. ಮಣ್ಣು ಅಗಿಯುವಂತೆ ಕದಲುತ್ತಿತ್ತು. ಅವನು ಉಗುರಿನಿಂದ ಕೆರೆದ. ಕೈ ಮತ್ತಷ್ಟು ಇಳಿಯಿತು. ಮಗು ನೋವಿಗೆ ಕಣ್ಣು ಮೇಲೆ ಮಾಡಿತು.

ಬದಲಿಗೆ ಮಾಂಸ. ಬಿಸಿನೆತ್ತರಿನದು.

ಪೊದೆ ಸವರಲು ತಂದಿದ್ದ ಮಚ್ಚು ನಲ್ಲಿಕಟ್ಟೆಯ ಮೇಲಿತ್ತು. ಎಡಗೈ ಹೋದರೂ ನಕ್ಷೆ ಬರೆಯಬಹುದು ಎಂದು ಆ ಗಳಿಗೆಯಲ್ಲೂ ಲೆಕ್ಕ ಹಾಕಿದ ಪುಣ್ಯಾತ್ಮ. ಎಡಗೈಯನ್ನು ಕಟ್ಟೆಯ ಮೇಲಿಟ್ಟ. ಒಂದು ಏಟು. ಮೂಳೆಗೆ ಸಿಕ್ಕಿಕೊಂಡಿತು. ಎರಡು. ಮೂರು. ತುಂಡಾದ ಕೈಯನ್ನು ಕಾಲಿನಿಂದ ಗುಂಡಿಗೆ ತಳ್ಳಿದ. ಮಣ್ಣು ಅದನ್ನು ಕಚ್ಚಿತು. ಮಗುವಿನ ಕೈಯನ್ನು ಉಗುಳಿತು. ಸುಲಿದಿತ್ತು, ಕೆಂಪಗಿತ್ತು, ಆದರೆ ಐದೂ ಬೆರಳಿದ್ದವು.

ಹೆಂಡತಿ ಒಳಗಿನಿಂದ ಓಡಿ ಬಂದಳು. ಸೆರಗಿನಿಂದ ಗಂಡನ ಮೊಂಡುಗೈ ಬಿಗಿದು ಕಟ್ಟಿದಳು. "ಆಸ್ಪತ್ರೆ... ಆಟೋ..." ಎನ್ನುತ್ತ ಬೀದಿಯ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟಳು. ನಿಂತಳು. ಬಲಗಾಲು ಎತ್ತಲು ನೋಡಿದಳು, ಬರಲಿಲ್ಲ.

"ಅದು ಅಮ್ಮನ ಗುಂಡಿ," ಎಂದಳು ಪುಟ್ಟಿ ಬಿಕ್ಕುತ್ತ. "ನಂದೊಂದು, ಅಮ್ಮಂದೊಂದು ತೋಡಿದ್ದೆ."

ಹೆಂಡತಿಯ ಬಲಗಾಲಿನ ಬೆರಳುಗಳು ಕಾಣುತ್ತಿರಲಿಲ್ಲ. ನೋಡನೋಡುತ್ತಿದ್ದಂತೆ ಪಾದ ಇಳಿಯಿತು. ಮಣ್ಣು ಕೆಂಪಾಯಿತು.

"ನನ್ನ ಕಾಲೇ ಕಡೀರಿ," ಎಂದಳು ಹಲ್ಲು ಕಚ್ಚಿ. "ರೀ, ಬೇಗ!"

ಅವನು ಮಚ್ಚು ಎತ್ತಿದ. ಅವಳ ಮುಖ ನೋಡಿದ. ನಿನ್ನೆ ಮಾತು ಕೊಟ್ಟು ತಪ್ಪಿದ್ದು ಅವಳಲ್ಲ. ಬೆಳಗ್ಗೆ ಮುಚ್ಚಿ ಎಂದು ಬೇಡಿಕೊಂಡವಳು ಅವಳೇ. ನಾಚಿಕೆಯೆಂದರೇನು ಎಂಬುದು ಅವನಿಗೆ ಹುಟ್ಟಿದ ಮೇಲೆ ಮೊದಲ ಸಲ ಗೊತ್ತಾಯಿತು. ಮಚ್ಚನ್ನು ಅವಳ ಕೈಗೆ ಕೊಟ್ಟು, ಅವಳ ಕಾಲ ಬಳಿಯ ಕಲ್ಲಿನ ಮೇಲೆ ತನ್ನ ಬಲಗೈ ಇಟ್ಟ.

"ತಪ್ಪು ನಂದು. ಕೈಯೂ ನಂದೇ ಹೋಗ್ಲಿ. ಕಡಿ."

"ಆಗಲ್ಲ ರೀ... ನನ್ನಿಂದ ಆಗಲ್ಲ..."

"ಪುಟ್ಟಿಗೆ ಅಮ್ಮ ಬೇಕು. ಕಡಿ!" ಆಮೇಲೆ ಮಗಳ ಕಡೆ ನೋಡಿ ಮೆತ್ತಗೆ ಹೇಳಿದ: "ಪುಟ್ಟೀ, ಆ ಕಡೆ ತಿರುಗಿ ನಿಂತ್ಕೊಂಡು ಇಪ್ಪತ್ತರವರೆಗೂ ಎಣಿಸಮ್ಮ."

ಪುಟ್ಟಿ ಗೋಡೆಗೆ ಮುಖ ಮಾಡಿದಳು. ಒಂದು, ಎರಡು ಎಂದು ಎಣಿಸಿದಳು. ಏಳಕ್ಕೆ ಮೊದಲ ಏಟು ಬಿತ್ತು. ಒಂಬತ್ತಕ್ಕೆ ಇನ್ನೊಂದು. ಅಮ್ಮ ಗೋಳಾಡುವುದು ಕೇಳಿಸಿತು. ಹದಿಮೂರಕ್ಕೆ ಮಣ್ಣು ಕಾಲನ್ನು ಬಿಟ್ಟುಕೊಟ್ಟಿತು. ಅಪ್ಪನ ಸದ್ದೇ ಇರಲಿಲ್ಲ. ಅವಳು ಒಂದನ್ನೂ ಬಿಡದೆ ಇಪ್ಪತ್ತರವರೆಗೂ ಎಣಿಸಿದಳು.

"ಆಯ್ತಪ್ಪಾ. ಈಗ ತಿರುಗ್ಲಾ?"