ಬೋಗುಣಿಯ ತಳದ ಊಟ

“ಅರ್ಧ ರೊಟ್ಟಿ ಸಾಕು. ಪಲ್ಯ ಬೇಕಿದ್ದರೆ ಇನ್ನೊಂದು ಸೌಟು ಹಾಕಿಕೊಳ್ಳಿ,” ಎಂದಿತು ಶಿವಲೀಲಾಳ ದವಡೆ.

ಪಕ್ಕದಲ್ಲಿ ಕೂತವರಿಗೆ ಅದು ಕೇಳಿಸುವುದಿಲ್ಲ. ಕಡೆಯ ಹಲ್ಲಿಗೆ ಅಂಟಿಸಿದ ಅಕ್ಕಿಕಾಳಿನಷ್ಟು ಮಣಿ ಎಲುಬಿನ ಮೂಲಕವೇ ಕಿವಿಗೆ ಮಾತು ಮುಟ್ಟಿಸುತ್ತದೆ. ಹೆಸರು ‘ಅನುರೂಢಿ’. ತೂಕ ಇಳಿಸುವ ಹಳೆಯ ಉಪಾಯಗಳೆಲ್ಲ ಮನುಷ್ಯನನ್ನೇ ತಿದ್ದಲು ಹೋಗಿ ಮುಗ್ಗರಿಸಿದ್ದವು. ನಾಲ್ಕು ದಿನ ಪಥ್ಯ ಮಾಡಿ ಐದನೆಯ ದಿನ ಜಿಲೇಬಿ ಅಂಗಡಿಯ ಮುಂದೆ ನಿಲ್ಲುವ ಜನ ನಾವು. ಅನುರೂಢಿ ನಮ್ಮ ತಂಟೆಗೆ ಬರುವುದಿಲ್ಲ. ಯಾವ ಹೊತ್ತಿಗೆ, ಎಷ್ಟು, ಎಂಥ ಬೇಸರಕ್ಕೆ ಬಾಯಾಡಿಸುತ್ತೀರಿ ಎಂಬುದನ್ನು ಕಲಿತು, ರೂಢಿಯನ್ನು ಹಾಗೆಯೇ ಬಿಟ್ಟು, ಊಟವನ್ನು ಅದಕ್ಕೆ ಹೊಂದಿಸುತ್ತದೆ. ಉಣ್ಣಲು ಕೂತಾಗ ಎರಡು ಸಲ ಹಲ್ಲು ಕಚ್ಚಿ ತಿಳಿಸಿದರಾಯಿತು. ಇಲ್ಲದಿದ್ದರೆ ಎಲೆ ಅಡಿಕೆ ಅಗಿಯುವುದನ್ನೂ ಅದು ಊಟವೆಂದೇ ಎಣಿಸೀತು.

೨೦೫೭ರ ಹುಬ್ಬಳ್ಳಿಯಲ್ಲಿ ಮಣಿಯ ಪ್ರಯೋಗ ನಡೆದಿತ್ತು. ಶಿವಲೀಲಾ ಅದನ್ನು ಹಾಕಿಸಿಕೊಂಡದ್ದು ಸೊಂಟ ಸಣ್ಣದಾಗಲಿ ಎಂದಲ್ಲ. ಅವಳ ತಮ್ಮ ಗುರುಪಾದನ ಲಿವರ್ ಕೆಟ್ಟಿತ್ತು. ಕಿಡ್ನಿಯನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಕಾಲ ಬಂದಿದ್ದರೂ ಲಿವರ್ ಮಾತ್ರ ಇನ್ನೂ ಮೊಂಡು ಹಿಡಿದು ಕೂತಿತ್ತು. ಅಕ್ಕನ ಲಿವರಿನ ಒಂದು ಭಾಗ ಕೊಟ್ಟರೆ ಅವನು ಬದುಕುತ್ತಾನೆ, ಅವಳದು ಮತ್ತೆ ಬೆಳೆಯುತ್ತದೆ. ಆದರೆ ಅವಳ ಲಿವರಿನಲ್ಲಿ ಕೊಬ್ಬು ತುಂಬಿತ್ತು. ತೂಕ ಇಳಿಯದೆ ಕತ್ತರಿ ಮುಟ್ಟುವುದಿಲ್ಲ ಎಂದಿದ್ದರು ಸರ್ಜನ್.

ಮಣಿ ಹೇಳಿದಂತೆ ಉಂಡರೂ ತೂಕ ಇಳಿಯಲಿಲ್ಲ. “ಕದ್ದು ತಿಂತಿರಬೇಕ ತಗೋ,” ಎಂದು ಗಂಡ ಚೆನ್ನವೀರ ನಕ್ಕ. ತಮ್ಮನ ಅರಿಸಿನ ಬಣ್ಣದ ಕಣ್ಣು ನೆನೆದು ಅವಳಿಗೆ ಅಳು ಬಂತು.

ಮಣಿಯನ್ನು ಕಂಡುಹಿಡಿದ ಡಾಕ್ಟರ್ ನಜೀರ್ ಸವಣೂರ ಒಂದು ಮಧ್ಯಾಹ್ನ ತಾವೇ ಊಟಕ್ಕೆ ಬಂದರು. ಶಿವಲೀಲಾ ಎಲ್ಲರಿಗೂ ಬಡಿಸಿ, ಕೊನೆಗೆ ತಾನೂ ಕೂತು, ಮಣಿ ಹೇಳಿದಷ್ಟೇ ಉಂಡು ಎದ್ದಳು. ಡಾಕ್ಟರಿಗೆ ಏನೂ ತಪ್ಪು ಕಾಣಲಿಲ್ಲ. ನೀರಿನ ಲೋಟ ಇಡಲು ಅಡುಗೆಮನೆಗೆ ಹೋದವರು ಬಾಗಿಲಲ್ಲೇ ನಿಂತರು. ಅವಳು ಕಟ್ಟೆಗೆ ಒರಗಿ ನಿಂತು ಬೋಗುಣಿಯ ತಳದ ಅನ್ನಕ್ಕೆ ಮಿಕ್ಕ ಸಾರು ಸುರಿದು ಬಳಿದು ಉಣ್ಣುತ್ತಿದ್ದಳು. ಪಕ್ಕದಲ್ಲಿ ಮಗ ಬಿಟ್ಟ ಅರ್ಧ ರೊಟ್ಟಿ, ಅತ್ತೆ ಒಲ್ಲೆನೆಂದ ಹೋಳಿಗೆ.

“ಅಕ್ಕಾರ, ಈ ಊಟಾ ಮಣಿಗೆ ಯಾಕ ತಿಳಿಸಲಿಲ್ರಿ?”

“ಅಯ್ಯ, ಇದು ಊಟಾ ಎಲ್ಲೈತ್ರಿ? ಬೋಗುಣಿ ಬರಿದ ಮಾಡಾಕತ್ತೀನಿ. ಅನ್ನಾ ಚೆಲ್ಲಬಾರದಲ್ರಿ!”

ಡಾಕ್ಟರು ಹಣೆ ಹಣೆ ಬಡಿದುಕೊಂಡು ನಕ್ಕರು, ಇದಕ್ಕೂ ಎರಡು ಸಲ ಹಲ್ಲು ಕಚ್ಚಿ ತಿಳಿಸಿ ಎಂದರು. ಅಂದಿನಿಂದ ಆ ಅಗಿತವನ್ನೂ ಮಣಿ ಲೆಕ್ಕಕ್ಕೆ ಹಿಡಿಯಿತು, ದಾರಿಯನ್ನೂ ಹೇಳಿತು: “ನಿಮ್ಮ ಊಟ ಪಾತ್ರೆಗಳ ತಳದಲ್ಲಿಯೇ ಇದೆ. ಬೇರೆ ತಟ್ಟೆ ಬೇಡ.”

ಎಷ್ಟು ಸುಲಭ! ಅಡುಗೆ ಕಡಿಮೆ ಮಾಡಬೇಕಿಲ್ಲ, ಯಾರಿಗೂ ಒಂದು ಮಾತು ಹೇಳಬೇಕಿಲ್ಲ. “ಮನ್ಯಾಗ ಯಾರಿಗೂ ತ್ರಾಸಿಲ್ಲ ನೋಡ್ರಿ,” ಎಂದು ಚೆನ್ನವೀರ ಕಂಡಕಂಡವರ ಮುಂದೆ ಮಣಿಯನ್ನು ಹೊಗಳಿದ. ತೂಕ ಇಳಿಯತೊಡಗಿತು. ಕೆಲವು ದಿನ ಎಲ್ಲರೂ ಗಡದ್ದಾಗಿ ಉಂಡು ಬೋಗುಣಿ ಬರಿದಾಗಿ ಬರುತ್ತಿತ್ತು. ಆಗ ಹೊಟ್ಟೆ ಚುರುಗುಟ್ಟಿದರೆ ಮಣಿ ಸಮಾಧಾನ ಹೇಳುತ್ತಿತ್ತು: “ಸಂಜೆ ಏನು ಉಳಿಯುತ್ತದೋ ನೋಡಿ ಹೊಂದಿಸೋಣ.” ಅವಳಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆಂದು ತಿಳಿಯದೆ, ತಮ್ಮನನ್ನು ನೆನೆದು ನುಂಗಿಕೊಳ್ಳುತ್ತಿದ್ದಳು. ಅವಳ ತಟ್ಟೆ ಕಪಾಟಿನಿಂದ ಇಳಿಯುತ್ತಿಲ್ಲವೆಂದು ಮನೆಯಲ್ಲಿ ಯಾರಿಗೂ ಕಾಣಲಿಲ್ಲ.

ಶಸ್ತ್ರಚಿಕಿತ್ಸೆ ಗೆದ್ದಿತು. ಗುರುಪಾದನ ಕಣ್ಣು ಬೆಳ್ಳಗಾಗುತ್ತ ಬಂದಿದೆ ಎಂದು ಕೇಳಿದಾಗ ಶಿವಲೀಲಾ ಸಂತೋಷಕ್ಕೆ ಬಿಕ್ಕಿ ಅತ್ತಳು. ಅದೇ ಮಧ್ಯಾಹ್ನ ಅವಳ ಮಂಚದ ಮೇಲೆ ನರ್ಸ್ ತಟ್ಟೆ ತಂದಿಟ್ಟಳು. ಮೆತ್ತನೆಯ ಅನ್ನ, ತೊವ್ವೆ, ಸೋರೆಕಾಯಿ ಪಲ್ಯ, ಎಲ್ಲವೂ ಹಬೆಯಾಡುತ್ತಿದ್ದವು.

“ತಟ್ಟೆಯ ಊಟ ನಿಮ್ಮ ರೂಢಿಯಲ್ಲಿಲ್ಲ,” ಎಂದಿತು ಮಣಿ. “ಉಳಿದವರ ಊಟ ಆಗುವವರೆಗೆ ಕಾಯಬಹುದು.”

ಅವಳ ಕೈ ನಿಂತಿತು. “ಏನಂತೈತಿ?” ಎಂದ ಮಂಚದ ಪಕ್ಕ ಕೂತಿದ್ದ ಚೆನ್ನವೀರ. ಅವಳು ಆ ಮಾತನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಹೇಳಿದಳು. ಅವನು ಕಿಟಕಿಯ ಕಡೆ ನೋಡಿದ.

ಅವಳನ್ನು ನೋಡಲು ಬಂದಿದ್ದ ಡಾಕ್ಟರ್ ನಜೀರ್ ಕುರ್ಚಿ ಎಳೆದುಕೊಂಡು ಕೂತರು. “ಪ್ರಯೋಗದಾಗ ಇರೋ ಹೆಣ್ಣುಮಕ್ಕಳ ಪೈಕಿ ಅರ್ಧಕ್ಕರ್ಧ ಮಂದಿಗೆ ತಟ್ಟಿ ಬ್ಯಾಡ ಅಂದೈತಿ ಅಕ್ಕಾರ. ತೂಕ ಇಳೀತಲ್ಲಾ, ಗೆದ್ವಿ ಅಂತ ತಿಳಿದಿದ್ವಿ. ಮಣಿ ತಪ್ಪು ಮಾಡಿಲ್ರಿ. ಕಲಿಸಿದ್ದನ್ನ ಹೇಳ್ತೈತಿ.”

“ಕಲಿಸಿದವ್ರು ಯಾರ್ರಿ?”

“ಮೂವತ್ತು ವರ್ಷದ ಹಿಂದ, ನಾವು ಸಣ್ಣವ್ರಿದ್ದಾಗ, ಮನಿಮನ್ಯಾಗ ನಿಂತು ಉಣ್ಣೋರು ಇದ್ರು. ಅವಾಗ ಯಾರರ ಎದ್ದು, ‘ನೀನೂ ಕೂಡು, ನಾ ಬಡಸ್ತೀನಿ’ ಅಂದಿದ್ರ, ಈ ಮಣಿಗೆ ಕಲಿಯಾಕ ಬ್ಯಾರೆ ರೂಢಿ ಸಿಗ್ತಿತ್ತು.”

ಶಿವಲೀಲಾ ಮುಂದಿನ ಮಾತಿಗೆ ಕಾಯಲಿಲ್ಲ. ದೊಡ್ಡ ತುತ್ತು ಕಲಸಿ ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಆದರೂ ಉಗುಳಲಿಲ್ಲ. ಮಣಿ ಮತ್ತೇನೋ ಹೇಳತೊಡಗಿತು. ಅಗಿಯುವ ಸದ್ದಿನಲ್ಲಿ ಅವಳಿಗದು ಕೇಳಿಸಲಿಲ್ಲ.