ಮುಚ್ಚಿದ್ದ ಬಿಸ್ಕತ್ತಿನ ಡಬ್ಬಿ

೨೦೧೧ರ ನವೆಂಬರ್ ೧೭, ಗುರುವಾರ. ಬೆಳಿಗ್ಗೆ ೯.೪೦ಕ್ಕೆ ಆಮ್‌ಸ್ಟರ್‌ಡ್ಯಾಮಿನ ಠಾಣೆಗೆ ಬಂದ ದೂರು ನಾಲ್ಕೇ ಸಾಲಿನದು. ಹೆರಿಗೆ ಆಸ್ಪತ್ರೆಯೊಂದರ ಹಳೆಯ ದಾಖಲೆಗಳ ಕೋಣೆಯಿಂದ ೧೯೪೫ರ ಬಸಿರು ತಪಾಸಣೆಯ ಕಾರ್ಡ್ ಒಂದು ಕಾಣೆಯಾಗಿದೆ. ತಾಯಿಯ ಹೆಸರು ಆಲ್ಕೆ ಕೊಸ್ಟರ್.

ಇನ್ಸ್‌ಪೆಕ್ಟರ್ ಟೀನೆಕೆ ಬೋಸ್ಮಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ರೂಬೆನ್ ಜೊತೆ ಹೊರಟಳು. ೧೦.೩೦ಕ್ಕೆ ಪಂಚನಾಮೆ. ಪೆಟ್ಟಿಗೆಯಲ್ಲಿ ಹಿಂದಿನ ಕಾರ್ಡಿತ್ತು, ಮುಂದಿನದೂ ಇತ್ತು.

"ಕೋಟು, ಚೀಲ ಎಲ್ಲ ಹೊರಗೇ ಇಡಿಸ್ತೀವಿ," ಎಂದಳು ದಾಖಲೆ ನೋಡಿಕೊಳ್ಳುವಾಕೆ. "ಮಂಗಳವಾರ ಬಂದ ಅಜ್ಜಿ ಕೈಯಲ್ಲಿ ಪ್ರಾರ್ಥನೆ ಪುಸ್ತಕ ಇತ್ತು. ಅದನ್ನ ಹೇಗೆ ಬಿಡಿಸಿ ನೋಡ್ಲಿ?"

ರಿಜಿಸ್ಟರಿನಲ್ಲಿ ಸಹಿ: ಹೆಚ್. ಟೆರ್ ಹಾರ್.

ಆ ಕಾರ್ಡನ್ನು ಶುಕ್ರವಾರ ನೋಡಬೇಕೆಂದು ಅರ್ಜಿ ಹಾಕಿದ್ದವನು ಆಲ್ಕೆಯ ಮಗ ಡೌವೆ ಕೊಸ್ಟರ್. ವಯಸ್ಸು ಅರವತ್ತಾರು, ನಿವೃತ್ತ ಟ್ರಾಮ್ ಚಾಲಕ.

"ಯಾಕೆ ಬೇಕಿತ್ತು ಕಾರ್ಡು?"

"ಯುದ್ಧದ ಕೊನೇಲಿ ಜರ್ಮನ್ನರು ಊರಿಗೆ ಆಹಾರ ಬರದ ಹಾಗೆ ತಡೆದ್ರಲ್ಲ, ಆ ಹಸಿವಿನ ಚಳಿಗಾಲದಲ್ಲಿ ಬಸಿರಾಗಿದ್ದೋರ ಮಕ್ಕಳ ರಕ್ತ ಪರೀಕ್ಷೆ ಮಾಡಿದ್ರು. ತಾಯಿ ಹಸಿದಿದ್ರೆ ಮಗೂನ ಜೀನ್ ಬದಲಾಗಲ್ವಂತೆ. ಆದ್ರೆ ಯಾವುದು ಎಷ್ಟು ಕೆಲಸ ಮಾಡ್ಬೇಕು ಅನ್ನೋ ಗುರುತು ಬದಲಾಗುತ್ತಂತೆ, ಜೀವಮಾನ ಪೂರ್ತಿ ಹಾಗೇ ಉಳಿಯುತ್ತಂತೆ. ನನ್ನಲ್ಲಿ ಹಸಿವಿನ ಗುರುತೇ ಕಾಣಲಿಲ್ಲ. ಒಬ್ಬನ ರಕ್ತ ನೋಡಿ ಖಚಿತ ಹೇಳಕ್ಕಾಗಲ್ಲ, ನಿಮ್ಮಮ್ಮನ ತೂಕ ನೋಡಿ ಅಂದ್ರು ಡಾಕ್ಟ್ರು. ಅದೇ ಚಳಿಗಾಲದಲ್ಲಿ ನಮ್ಮಣ್ಣ ಕೀಸ್ ನಾಲ್ಕು ವರ್ಷಕ್ಕೆ ಹಸಿವಿಂದ ಸತ್ತ, ಮೇಡಂ. ನಾನು ಹೇಗೆ ಮೈ ತುಂಬಿಕೊಂಡು ಹುಟ್ಟಿದೆ?"

"ಇದನ್ನ ಯಾರಿಗೆ ಹೇಳಿದ್ರಿ?"

"ಅಕ್ಕ ಹಿಲ್ಲಿಗೆ ಮಾತ್ರ. ಭಾನುವಾರ."

"ಅವರ ಗಂಡನ ಮನೆ ಹೆಸರು?"

"ಟೆರ್ ಹಾರ್."

ಮಧ್ಯಾಹ್ನ ೨.೧೦. ಹಿಲ್ಲಿ ಟೆರ್ ಹಾರ್, ಎಪ್ಪತ್ತೈದು ವರ್ಷದ ವಿಧವೆ, ಇಬ್ಬರಿಗೂ ಕಾಫಿ ಕೊಟ್ಟಳು.

"ದಾಖಲೆ ಕೋಣೆಗೆ ಹೋಗಿದ್ರಾ?"

"ಹೋಗಿದ್ದೆ. ಓದಿದೆ, ವಾಪಸ್ ಇಟ್ಟೆ."

ರೂಬೆನ್ ಬಟ್ಟಲಡಿಯ ತಟ್ಟೆಯ ಖಾಲಿ ಅಂಚನ್ನು ನೋಡಿದ. "ಅಜ್ಜಿ, ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚೋ ಮನೆ ಬೇಕಾದಷ್ಟು ನೋಡಿದೀನಿ. ತೆರೆಯದೇ ಇರೋ ಮನೆ ಇದೇ ಮೊದಲು."

"ಮುಗಿದಿದೆ, ಮಗಾ."

ಡಬ್ಬಿ ಎಲ್ಲ ಮನೆಗಳಂತೆ ಮೇಜಿನ ಮೇಲೇ ಇತ್ತು. ಪಕ್ಕದಲ್ಲಿ ಅಂಗಡಿಯ ಹೊಸ ಪೊಟ್ಟಣ, ತುದಿ ಹರಿದದ್ದು. ಬೋಸ್ಮಾ ಕಾಫಿ ಬಟ್ಟಲನ್ನು ಕೆಳಗಿಟ್ಟಳು.

"ನೀವೇ ತೆಗೀತೀರಾ ಅಮ್ಮಾ, ನಾನು ತೆಗೀಲಾ?"

ಹಿಲ್ಲಿ ತಾನೇ ತೆಗೆದಳು. ಬಿಸ್ಕತ್ತುಗಳ ಕೆಳಗೆ ಹಳದಿಗಟ್ಟಿದ ಕಾರ್ಡು. ಫೆಬ್ರವರಿ ೬: ಮನೆಯಲ್ಲಿ ಮಕ್ಕಳು ಇಬ್ಬರು. ಮಾರ್ಚ್ ೬: ಮನೆಯಲ್ಲಿ ಮಗು ಒಂದು, ತಾಯಿಯ ತೂಕ ಎರಡು ಕಿಲೋ ಹೆಚ್ಚು.

"ಸುಡಬಹುದಿತ್ತಲ್ಲ," ಎಂದಳು ಬೋಸ್ಮಾ.

"ಕೀಸ್ ಇದ್ದ ಅನ್ನೋದಕ್ಕೆ ಬೇರೆ ಕಾಗದ ನನ್ನ ಹತ್ರ ಇಲ್ಲ." ಅವಳು ಮುಚ್ಚಳವನ್ನು ಕೈಯಲ್ಲೇ ಹಿಡಿದಿದ್ದಳು. "ಅಮ್ಮ ಕಣ್ಣು ಕತ್ತಲೆ ಬಂದು ಮಲಗಿರ್ತಿದ್ಲು. ಗಂಜಿ ಕೇಂದ್ರದಿಂದ ತರ್ತಿದ್ದೋಳೂ ನಾನೇ, ಬಡಿಸ್ತಿದ್ದೋಳೂ ನಾನೇ. ಒಂಬತ್ತು ವರ್ಷ ನಂಗೆ. ಅಮ್ಮ ಹೋದ್ರೆ ಎಲ್ಲರೂ ಹೋಗ್ತೀವಿ ಅಂದ್ಕೊಂಡೆ. ನನ್ನ ಪಾಲಲ್ಲಿ ಅರ್ಧ, ಕೀಸನ ಪಾಲಲ್ಲಿ ಅರ್ಧ ಅವಳಿಗೆ ಹಾಕ್ತಿದ್ದೆ. ನಾನು ತಡ್ಕೊಂಡೆ."

"ನಿಮ್ಮಮ್ಮಂಗೆ ಗೊತ್ತಿತ್ತಾ?"

"ಇಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ ಹೇಳಿ, ಬಟ್ಟಲಲ್ಲಿ ಇದ್ದದ್ದನ್ನ ಉಣ್ತಿದ್ಲು. ಇದನ್ನ ನೋಡಿದ್ರೆ ಡೌವೆ, ಅಮ್ಮನೇ ಕಿತ್ಕೊಂಡು ತಿಂದ್ಲು ಅಂತಾನೆ. ಇಲ್ಲಾ ನಾನು ನಿಜ ಹೇಳ್ಬೇಕು. ಹೇಳಿದ ಮೇಲೆ ಅವನ ಗಂಟಲಲ್ಲಿ ತುತ್ತು ಇಳಿಯುತ್ತಾ?"

೩.೨೫ಕ್ಕೆ ಬಂಧನ. ಹಿಲ್ಲಿ ಪ್ರಾರ್ಥನೆ ಪುಸ್ತಕ ತೆಗೆದುಕೊಳ್ಳಲಿಲ್ಲ.

ಠಾಣೆಯಲ್ಲಿ ವರದಿ ಬರೆಯುತ್ತಾ ಬೋಸ್ಮಾ 'ಉದ್ದೇಶ' ಎಂಬ ಅಂಕಣಕ್ಕೆ ಬಂದಳು. ಬರೆದಳು: ತಾಯಿಯ ತೂಕವನ್ನು ತಮ್ಮನಿಂದ ಮುಚ್ಚಿಡಲು.

ಹೊರಗಿನ ಬೆಂಚಿನಲ್ಲಿ ಡೌವೆ ಅಕ್ಕನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನಿನ್ನೂ ಕಾರ್ಡು ಓದಿರಲಿಲ್ಲ.