ಜೀನ್ ತುಂಬಿಸಿದ ಪೀಪಾಯಿ

ಪೀಪಾಯಿ ಇರಲಿಲ್ಲ.

ಅದಿದ್ದ ಜಾಗದಲ್ಲಿ ಎರಡು ಮರದ ತೊಲೆ, ನಡುವೆ ಬರಿಯ ನೆಲ—ಅಷ್ಟೇ. ಗ್ಲೆನ್ ಟಾರ್ವಿ ವಿಸ್ಕಿ ಡಿಸ್ಟಿಲರಿಯ ಉಗ್ರಾಣದಲ್ಲಿ, ಅದನ್ನು ನೋಡಿಕೊಳ್ಳುವ ಲಾಕಿ ಮೆಕ್‌ಫೀ ಆ ನೆಲವನ್ನೇ ನೋಡುತ್ತ ನಿಂತಿದ್ದ. ಎದುರಿಗೆ ಮಾಲೀಕ ನಿಕಲ್ ಡ್ರಮಂಡ್ ಕೈ ಚಾಚಿದ್ದ.

"ಕೀ ಕೊಡು, ಲಾಕಿ. ನಾಳೆಯಿಂದ ಬರಬೇಡ."

ನಾನೂ ಎಫಿ ಗೆಡ್ಡಿಸ್ ಕೂಡ ಬಾಗಿಲಲ್ಲೇ ನಿಂತುಬಿಟ್ಟೆವು. ನಾನು ಡೂಗಲ್, ಪ್ರವಾಸಿಗರ ವ್ಯಾನು ಓಡಿಸುವವನು. ಎಫಿ ಪಕ್ಕದ ಸೀಟಿನಲ್ಲಿ ಕೂತು ಅವರಿಗೆ ಕೋಟೆಯ ಕಥೆ, ಕಲ್ಲಿನ ಕಥೆ ಹೇಳುವವಳು. ಅದಕ್ಕೆ ಮೊದಲು ಪೊಲೀಸ್ ಠಾಣೆಯಲ್ಲಿ ಕಳ್ಳರ ಕಥೆ ಕೇಳಿಸಿಕೊಂಡು ತಲೆ ನರೆಸಿಕೊಂಡವಳು. ಬೆಳಿಗ್ಗೆ ಜನರನ್ನು ಇಲ್ಲಿ ವಿಸ್ಕಿ ರುಚಿ ನೋಡಲು ತಂದು, ಆಮೇಲೆ ಪಾಳುಕೋಟೆ ತೋರಿಸಿ, ಅವರು ಕೊಂಡಿದ್ದ ಬಾಟಲಿಗಳನ್ನು ಒಯ್ಯಲು ಮರಳಿದ್ದೆವು.

ಆ ಪೀಪಾಯಿಯ ವಿಷಯ ಕಣಿವೆಗೆಲ್ಲ ಗೊತ್ತು. ಲಾಕಿಯ ಹೆಂಡತಿ ಜೀನ್ ಇಲ್ಲಿ ಪೀಪಾಯಿ ತುಂಬಿಸುವ ಕೆಲಸದಲ್ಲಿದ್ದಳು. ಮಗಳು ಇಶ್ಬೆಲ್ ಹುಟ್ಟಿದ ವರ್ಷ ಇದನ್ನು ಕೈಯಾರೆ ತುಂಬಿ ಬಾಯಿಗೆ ಬೆಣೆ ಜಡಿದಳು. ಹುಡುಗಿಯ ಮದುವೆಗೆ ಇದನ್ನೇ ತೆರೆಯೋಣ ಎಂದು ನಿಕಲ್‌ನ ತಂದೆ ಮಾತು ಕೊಟ್ಟಿದ್ದ. ಜೀನ್ ಈಗಿಲ್ಲ, ಮಾತು ಕೊಟ್ಟವನೂ ಇಲ್ಲ. ಮದುವೆ ಈ ಶನಿವಾರ. ನಿಕಲ್ ಮಾತ್ರ ಪೀಪಾಯಿಯನ್ನು ಹರಾಜಿಗೆ ಹಾಕಲು ಹೊರಟಿದ್ದ, ಪತ್ರಿಕೆಯಲ್ಲೂ ಸುದ್ದಿಯಾಗಿತ್ತು. ಲಾಕಿ ಹೋಗಿ ಗೋಗರೆದು ಬರಿಗೈಲಿ ಬಂದಿದ್ದ.

ಹಾಗಾಗಿ ನಿಕಲ್ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಬೀಗ ಮುರಿದಿಲ್ಲ, ಕೀ ಲಾಕಿಯದು. ಅಷ್ಟು ಭಾರವನ್ನು ಒಬ್ಬ ಉರುಳಿಸಬಹುದು, ಹೊತ್ತು ನಡೆಯಲಾರ, ಗಾಡಿ ಬೇಕು. ನನ್ನ ವ್ಯಾನು ಕೋಟೆಯಲ್ಲಿತ್ತು. ಲಾಕಿ ಪಿಕಪ್‌ನಲ್ಲಿ ಊಟಕ್ಕೆ ಮನೆಗೆ ಹೋಗಿ ಬಂದಿದ್ದ. ಇನ್ನೇನು ಬೇಕು?

ಲಾಕಿ ಕೀ ಕೊಟ್ಟ. ಕೆಲಸ ಹೋದರೆ ಡಿಸ್ಟಿಲರಿ ಕೊಟ್ಟ ಮನೆಯೂ ಹೋಗುತ್ತದೆ, ಮಗಳು ಕಳ್ಳನ ಮಗಳಾಗಿ ಮದುವೆಗೆ ನಿಲ್ಲಬೇಕಾಗುತ್ತದೆ. ಎಫಿ ಕೋಟು ಬಿಚ್ಚಿ ತೊಲೆಯ ಮೇಲಿಟ್ಟಳು. ಅವಳು ಕೋಟು ಬಿಚ್ಚಿದರೆ ಕೆಲಸ ಮುಗಿಯುವ ತನಕ ಕದಲುವುದಿಲ್ಲ.

"ಲಾಕಿ, ಬೀಗ ಯಾವಾಗ ಹಾಕ್ದೆ?"

"ರುಚಿ ನೋಡೋದು ಮುಗಿದ್ಮೇಲೆ. ಅಲ್ಲೀತನಕ ಬಾಗ್ಲು ತೆಗ್ದೇ ಇರತ್ತೆ. ನಾನು ಅಲ್ಲಿ ಗ್ಲಾಸು ತುಂಬಿಸ್ತಿದ್ದೆ."

"ಹಾಕುವಾಗ ಒಳಗೆ ನೋಡಿದ್ಯಾ?"

"ಇಲ್ಲ. ಯಾಕ್ ನೋಡ್ಲಿ?"

"ಹಾಗಾದ್ರೆ ಬೀಗ ಮುರಿಯೋ ಪ್ರಶ್ನೆನೇ ಇಲ್ಲ," ಎಂದು ಎಫಿ ನೆಟ್ಟಗೆ ರುಚಿ ನೋಡುವ ಕೋಣೆಗೆ ನಡೆದಳು, ನಾವು ಮೂವರೂ ಹಿಂದೆ ಹೋದೆವು.

ಅಲ್ಲಿ ಕೆಲಸಕ್ಕಿರುವ ಮೊರ್ವೆನ್ ಗ್ಲಾಸು ತೊಳೆಯುತ್ತಿದ್ದಳು. ಬಾಗಿಲ ಬಳಿ ಅವಳೇ ಇಟ್ಟಿದ್ದ ತಟ್ಟೆ ಖಾಲಿಯಾಗಿತ್ತು. ನಮ್ಮಲ್ಲಿ ಗಾಡಿ ಓಡಿಸುವವನು ತೊಟ್ಟು ವಿಸ್ಕಿಯನ್ನೂ ಮುಟ್ಟುವುದಿಲ್ಲ, ಪೊಲೀಸರು ಬಿಡುವುದಿಲ್ಲ. ಅವನ ಪಾಲನ್ನು ಬೆರಳುದ್ದದ ಬಾಟಲಿಯಲ್ಲಿ ತುಂಬಿ ತಟ್ಟೆಯಲ್ಲಿಡುತ್ತಾರೆ. ಅವನು ಮನೆಗೊಯ್ದು ಕುಡಿಯುತ್ತಾನೆ.

"ಎಷ್ಟಿಟ್ಟಿದ್ದೆ?" ಎಫಿ ಕೇಳಿದಳು.

"ಒಂದು ಹೆಚ್ಚಿಗಿರಲಿ ಅಂತ ಎರಡು. ಎರಡೂ ಮಾಯ. ಡೂಗಲ್ ಕೈ ಎಷ್ಟುದ್ದ ಅಂತ ನಮಗೆ ಗೊತ್ತಿಲ್ವಾ?"

ಒಂದೇ ತೆಗೆದುಕೊಂಡೆ ಎಂದು ನಾನು ಜೇಬುಗಳನ್ನೆಲ್ಲ ಹೊರಗೆಳೆದು ತೋರಿಸಿದೆ. ಮೊರ್ವೆನ್ ನಕ್ಕಳು. ನಿಕಲ್ ಕೂಡ ನಕ್ಕ. ಎಫಿ ನಗಲಿಲ್ಲ.

"ಇವತ್ತು ನಮ್ಮ ವ್ಯಾನು ಬಿಟ್ಟು ಬೇರೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ."

"ನಮ್ಮವರಲ್ಲಿ ಕುಡೀದೇ ಇದ್ದೋರು?"

"ಆ ಕ್ರೈಟನ್. ಹೊಟ್ಟೆ ಸರಿ ಇಲ್ಲ ಅಂತ ಗ್ಲಾಸು ಮುಟ್ಟದೆ ಹೊರಗೆ ಹೋದ್ರು. ಎಷ್ಟೋ ಹೊತ್ತಾದ್ಮೇಲೆ ಬಂದ್ರು."

ಕ್ರೈಟನ್—ಮಾತು ಕಡಿಮೆಯ ಮನುಷ್ಯ. ತನಗೆ ಗಾಡಿ ಇಲ್ಲ, ರೈಲಿನಲ್ಲಿ ಬಂದೆ ಎಂದು ಕೇಳದೆಯೇ ನನಗೆ ಹೇಳಿದ್ದ. ಕೋಟೆಗೂ ಬರಲಿಲ್ಲ. ಗುಡ್ಡದ ಮೇಲಿನ ಹಳೆಯ ಕಲ್ಲುವೃತ್ತದವರೆಗೆ ನಡೆಯುತ್ತೇನೆ, ಸಂಜೆ ಅಲ್ಲಿಂದ ಹತ್ತಿಸಿಕೊಳ್ಳಿ ಎಂದಿದ್ದ.

ನಾವು ನಾಲ್ವರೂ ಅಲ್ಲಿಗೆ ಹೋದೆವು. ನಿಂತ ಕಲ್ಲೊಂದಕ್ಕೆ ಒರಗಿ ಅವನು ಆರಾಮಾಗಿ ಕೂತಿದ್ದ.

"ಹೊಟ್ಟೆ ಹೇಗಿದೆ?" ಎಫಿ ವಿಚಾರಿಸಿದಳು.

"ಪರವಾಗಿಲ್ಲ."

"ಕೋಟಿನ ಜೇಬಲ್ಲಿ ಏನಿದೆ?"

ಅವನು ತಡೆದು ಪುಟ್ಟ ಬಾಟಲಿ ಹೊರತೆಗೆದ. "ಬಿಟ್ಟಿ ಇಟ್ಟಿದ್ರು. ತಗೊಂಡ್ರೆ ತಪ್ಪಾ?"

"ತಪ್ಪಲ್ಲ. ಆದ್ರೆ ಅದು ಗಾಡಿ ಓಡಿಸೋರ ಪಾಲು. ನಿಮ್ಮ ಗಾಡಿ ಎಲ್ಲಿದೆ?"

ಕ್ರೈಟನ್‌ನ ಕಣ್ಣು ಒಂದು ಕ್ಷಣ ಹಿಂದಿನ ಪೈನ್ ತೋಪಿನ ಕಡೆ ಹೋಯಿತು. ಲಾಕಿ ಆಗಲೇ ಅತ್ತ ಓಡುತ್ತಿದ್ದ.

ಎಫಿ ನಿಕಲ್‌ನತ್ತ ತಿರುಗಿ ಬಿಡಿಸಿ ಹೇಳಿದಳು. ಈತ ಮೊದಲೇ ಕಾರು ತಂದು ತೋಪಿನಲ್ಲಿಟ್ಟ. ಗಾಡಿ ಇಲ್ಲದವನೆಂದು ಎಲ್ಲರೂ ನಂಬಲಿ ಎಂದೇ ವ್ಯಾನು ಹತ್ತಿದ. ಹೊಟ್ಟೆನೋವಿನ ನೆಪದಲ್ಲಿ ಎದ್ದುಹೋಗಿ, ತೆರೆದಿದ್ದ ಉಗ್ರಾಣದಿಂದ ಪೀಪಾಯಿಯನ್ನು ಹಿತ್ತಲ ತುರಿಕೆಗಿಡಗಳ ಮರೆಗೆ ಉರುಳಿಸಿದ. ನಾವು ಕೋಟೆಗೆ, ಲಾಕಿ ಊಟಕ್ಕೆ ಹೋದಾಗ ಕಾರು ತಂದು, ಹಲಗೆ ಇಟ್ಟು ಉರುಳಿಸಿ ತುಂಬಿಕೊಂಡ. ಕಾರು ಓಡಿಸಬೇಕಿದ್ದರಿಂದ ಕುಡಿಯಲಿಲ್ಲ. ನಡುವೆ ಮಾಯವಾದರೆ ಅನುಮಾನ ಬರುತ್ತದೆಂದು ಕಾರನ್ನು ತೋಪಿನಲ್ಲಿ ಬಚ್ಚಿಟ್ಟು ವ್ಯಾನಿಗಾಗಿ ಕಾಯುತ್ತ ಕೂತ.

"ವ್ಯಾನಲ್ಲಿ ಬಂದೋನು ಎಷ್ಟು ಬೇಕಾದ್ರೂ ಕುಡೀಬಹುದಿತ್ತು. ಹೊಟ್ಟೆ ಕೆಟ್ಟೋನಿಗೆ ವಿಸ್ಕಿನೇ ಬೇಡ. ಆದ್ರೆ ಇವನೂ ಈ ನಾಡಿನವನೇ ನೋಡಿ—ತನ್ನ ಪಾಲಿನ ವಿಸ್ಕಿ ಬಿಟ್ಟುಬರೋಕೆ ಮನಸ್ಸು ಬರಲಿಲ್ಲ."

ತೋಪಿನಲ್ಲಿ ಕಾರಿತ್ತು, ಹಿಂಭಾಗದಲ್ಲಿ ಕಂಬಳಿಯಡಿ ಪೀಪಾಯಿ. ಲಾಕಿ ಗೆಣ್ಣಿನಿಂದ ಅದನ್ನು ಬಡಿದ. ತುಂಬಿದ ಪೀಪಾಯಿಯ ಮಂದ ಸದ್ದು ಬಂತು. ಅವನು ಜೀನ್ ಜಡಿದ ಬೆಣೆಯ ಮೇಲೆ ಅಂಗೈ ಇಟ್ಟು ನಿಂತ.

ನಿಕಲ್ ನೆಲ ನೋಡುತ್ತ ಹೇಳಿದ: "ತಪ್ಪಾಯ್ತು, ಲಾಕಿ. ಹರಾಜು ಇಲ್ಲ. ಶನಿವಾರ ಇದನ್ನ ಮದುವೆಮನೆಗೇ ಕಳಿಸ್ತೀನಿ."

"ಕಳಿಸೋದೇನೂ ಬೇಡ," ಲಾಕಿ ಕೈ ಚಾಚಿದ. "ನಾನೇ ಉರುಳಿಸ್ಕೊಂಡು ಹೋಗ್ತೀನಿ. ಮೊದ್ಲು ನನ್ನ ಕೀ ಕೊಡಿ."